ಕುದುರೆ ಟ್ರೇಲರ್ ಎಳೆಯಲು ಯಾವ ಗಾಡಿ? ಪಿಕಪ್, ಎಸ್‌ಯುವಿ, ಎಲೆಕ್ಟ್ರಿಕ್ – ಲೆಕ್ಕ ಹಾಕಿ ಆರಿಸುವ ಬಗೆ

ಪಿಕಪ್ ಕೊಳ್ಳಲೋ, ದೊಡ್ಡ ಎಸ್‌ಯುವಿ ಸಾಕೋ, ಮನೆಯಲ್ಲಿರುವ ಕಾರಿಗೇ ಹಿಚ್ (ಟ್ರೇಲರ್ ಕಟ್ಟುವ ಕೊಕ್ಕೆ) ಹಾಕಿಸಿದರೆ ಆಗದೋ? ಈ ಗೊಂದಲದಲ್ಲಿರುವವರು ಮೊದಲು ನೋಡುವುದು ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಎಳೆಯುವ ಸಾಮರ್ಥ್ಯವನ್ನು. 3500 ಕಿಲೋ ಅಂತ ಕಂಡರೆ ಮನಸ್ಸಿಗೆ ಸಮಾಧಾನ. ಆದರೆ ಎರಡು ಕುದುರೆಯ ಟ್ರೇಲರ್ ಕಟ್ಟಿಕೊಂಡು, ನಾಲ್ಕು ಜನರನ್ನು ಕೂರಿಸಿಕೊಂಡು ಹೊರಟ ಗಾಡಿಯಲ್ಲಿ ಎಳೆಯುವ ಸಾಮರ್ಥ್ಯ ಇನ್ನೂ ಒಂದು ಟನ್ನಿಗೂ ಹೆಚ್ಚು ಉಳಿದಿರುವಾಗಲೇ ಮತ್ತೊಂದು ಮಿತಿ ಮುಗಿದುಹೋಗಿರುತ್ತದೆ. ಅದು ಗಾಡಿ ತನ್ನ ಮೇಲೆ ಹೊರಬಹುದಾದ ಭಾರ, ಅಂದರೆ ಪೇಲೋಡ್. ಬ್ರೋಷರಿನಲ್ಲಿ ಅದನ್ನು ಭೂತಗನ್ನಡಿ ಹಿಡಿದು ಹುಡುಕಬೇಕು, ಕೆಲವೊಮ್ಮೆ ಅಲ್ಲಿ ಇರುವುದೂ ಇಲ್ಲ.

ಆದ್ದರಿಂದ ಗಾಡಿಗಳನ್ನು ಹೋಲಿಸುವ ಮೊದಲು ನಾಲ್ಕೈದು ಅಳತೆಗೋಲುಗಳನ್ನು ಕೈಗೆ ತೆಗೆದುಕೊಳ್ಳೋಣ.

ಮೊದಲು ತೂಕ, ಆಮೇಲೆ ಗಾಡಿ

ಕುದುರೆಯ ತೂಕವನ್ನು ಕಣ್ಣಳತೆಯಲ್ಲಿ ಹೇಳುವವರು ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತಾರೆ. ಪೋನಿಗಳು 200ರಿಂದ 400 ಕಿಲೋ, ಥರೋಬ್ರೆಡ್ 450ರಿಂದ 550, ವಾರ್ಮ್‌ಬ್ಲಡ್ 550ರಿಂದ 700, ಭಾರ ಎಳೆಯುವ ದೊಡ್ಡ ತಳಿಗಳು 700ರಿಂದ ಒಂದು ಟನ್‌ವರೆಗೆ ತೂಗುತ್ತವೆ. ತೂಕದ ಯಂತ್ರ ಇಲ್ಲದಿದ್ದರೆ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ ಎಷ್ಟು ಸೆಂಟಿಮೀಟರ್, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಗೆ ಎಷ್ಟು ಉದ್ದ ಎಂದು ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. ಸುತ್ತಳತೆ 185, ಉದ್ದ 160 ಇದ್ದರೆ ಸುಮಾರು 460 ಕಿಲೋ.

ಖಾಲಿ ಟ್ರೇಲರಿನ ತೂಕದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಯುರೋಪಿನ ಮಾದರಿಯ, ಅಲ್ಯೂಮಿನಿಯಂ ಅಥವಾ ಫೈಬರ್ ಮೈಯ ಎರಡು ಕುದುರೆಯ ಟ್ರೇಲರ್ 800ರಿಂದ 1000 ಕಿಲೋ ಆಸುಪಾಸಿನಲ್ಲಿರುತ್ತದೆ. ಅಮೆರಿಕದ ಮಾದರಿಯ ಉಕ್ಕಿನ ಟ್ರೇಲರ್, ಮುಂದೆ ಜೀನು ಇಡುವ ಕೋಣೆಯೂ ಇದ್ದರೆ, ಖಾಲಿಯೇ ಒಂದೂವರೆ ಟನ್ ದಾಟುವುದುಂಟು. ಅದರ ಮೇಲೆ ನೆಲದ ರಬ್ಬರ್ ಮ್ಯಾಟು, ಹುಲ್ಲಿನ ಪಿಂಡಿ, ಜೀನು, ಸ್ಟೆಪ್ನಿ, ನೀರು. ದಿನಕ್ಕೆ 25ರಿಂದ 45 ಲೀಟರ್ ಕುಡಿಯುವ ಪ್ರಾಣಿಗೆ ಎರಡು ಕ್ಯಾನ್ ಇಟ್ಟುಕೊಂಡರೂ 40 ಕಿಲೋ ಆಯಿತು.

ಮುಂದಿನ ಲೆಕ್ಕಗಳಿಗೆಲ್ಲ ಒಂದು ಮಾದರಿ ಇಟ್ಟುಕೊಳ್ಳೋಣ: 550 ಕಿಲೋದ ಎರಡು ಕುದುರೆ, 950 ಕಿಲೋದ ಟ್ರೇಲರ್, 150 ಕಿಲೋ ಸಾಮಾನು. ಒಟ್ಟು 2200 ಕಿಲೋ. ಇಂದು ಎರಡು ಪೋನಿ ಇದ್ದರೂ ಎರಡು ವರ್ಷದಲ್ಲಿ ಮಗಳು ದೊಡ್ಡ ಕುದುರೆ ಕೇಳುವ ಸಾಧ್ಯತೆ ಇದ್ದರೆ ದೊಡ್ಡ ಕುದುರೆಯ ಲೆಕ್ಕವನ್ನೇ ಹಿಡಿಯಿರಿ. ಗಾಡಿಯನ್ನು ಪದೇಪದೇ ಬದಲಿಸಲಾಗದು.

ಹಿಚ್ ಮೇಲೆ ಕೂರುವ ಭಾರ

ಟ್ರೇಲರಿನ ಮೂತಿ ಹಿಚ್ ಬಾಲ್, ಅಂದರೆ ಹಿಚ್ಚಿನ ತುದಿಯ ಗುಂಡಿನ ಮೇಲೆ ಸ್ವಲ್ಪ ಒತ್ತಲೇಬೇಕು. ಒತ್ತದಿದ್ದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಅಮೆರಿಕದ ರೂಢಿಯಲ್ಲಿ ಟ್ರೇಲರಿನ ಒಟ್ಟು ತೂಕದ 10ರಿಂದ 15 ಶೇಕಡಾ ಬಾಲ್ ಮೇಲೆ ಬರಬೇಕು. ನಮ್ಮ 2200ಕ್ಕೆ ಇದು 220ರಿಂದ 330 ಕಿಲೋ. ಯುರೋಪಿನಲ್ಲಿ ಟ್ರೇಲರಿನ ಅಚ್ಚುಗಳನ್ನು ಹೆಚ್ಚು ಮುಂದಕ್ಕೆ ಜೋಡಿಸುತ್ತಾರೆ, ವೇಗಮಿತಿಯೂ ಕಡಿಮೆ, ಹಾಗಾಗಿ ಅಲ್ಲಿ 100ರಿಂದ 150 ಕಿಲೋಗೆ ಕೆಲಸ ಮುಗಿಯುತ್ತದೆ. ಎರಡು ಪದ್ಧತಿಯನ್ನು ಬೆರೆಸಿದರೆ ತಾಪತ್ರಯ: ಬಾಲ್ ಮೇಲೆ 150 ಕಿಲೋಗೆ ಮಾತ್ರ ಅನುಮತಿ ಇರುವ ಗಾಡಿಗೆ ಅಮೆರಿಕದ ಮಾದರಿಯ ಭಾರದ ಮೂತಿಯ ಟ್ರೇಲರ್ ಕಟ್ಟುವಂತಿಲ್ಲ, ಎಳೆಯುವ ಸಾಮರ್ಥ್ಯ ಎಷ್ಟೇ ಇರಲಿ.

ಸರಕಿನ ಟ್ರೇಲರಿಗೂ ಕುದುರೆಯ ಟ್ರೇಲರಿಗೂ ಇರುವ ವ್ಯತ್ಯಾಸ ಕಾಣುವುದು ಇಲ್ಲೇ. ಇಟ್ಟಿಗೆ ಇಟ್ಟಲ್ಲೇ ಇರುತ್ತದೆ, ಕುದುರೆ ಇರುವುದಿಲ್ಲ. ಬಾಲಿನಿಂದ ಅಚ್ಚುಗಳ ನಡುಮಧ್ಯಕ್ಕೆ ಮೂರು ಮೀಟರ್ ಇರುವ ಟ್ರೇಲರಿನಲ್ಲಿ 550 ಕಿಲೋದ ಕುದುರೆ ಒಂದಡಿ ಹಿಂದೆ ಸರಿದು ಹಿಂಬದಿಯ ಅಡ್ಡಪಟ್ಟಿಗೆ ಒರಗಿ ನಿಂತರೆ ಬಾಲ್ ಮೇಲಿನ ಭಾರ ಸುಮಾರು 55 ಕಿಲೋ ಇಳಿಯುತ್ತದೆ. ಎರಡೂ ಕುದುರೆ ಒರಗಿದರೆ 110. ಮನೆಯಲ್ಲಿ ಅಳೆದಾಗ 120 ಕಿಲೋ ಇದ್ದದ್ದು ದಾರಿಯಲ್ಲಿ 10 ಕಿಲೋಗೆ ಇಳಿದಿರುತ್ತದೆ. ಇಳಿಜಾರಿನಲ್ಲಿ ವೇಗ ಹೆಚ್ಚಿದಾಗ ಏಕಾಏಕಿ ಶುರುವಾಗುವ ಹೊಯ್ದಾಟಕ್ಕೆ ಎಷ್ಟೋ ಸಲ ಇದೇ ಕಾರಣ. ಕೂಡಿಸುವ ತೂಕ ಒಂದೇ ಆದರೂ ಕುದುರೆ ಟ್ರೇಲರಿಗೆ ಗಾಡಿ ಒಂದು ಮೆಟ್ಟಿಲು ಭಾರದ್ದೇ ಬೇಕು ಅನ್ನುವುದು ಈ ಲೆಕ್ಕದಿಂದಲೇ.

ಹಿಚ್ ಮೇಲಿನ ಭಾರವೆಲ್ಲ ಗಾಡಿಯ ಹಿಂದಿನ ಅಚ್ಚಿನ ಹಿಂದೆ ಕೂರುತ್ತದೆ ಅನ್ನುವುದೂ ನೆನಪಿರಲಿ. ವೀಲ್‌ಬೇಸ್ (ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗಿರುವ ದೂರ) 3.2 ಮೀಟರ್, ಹಿಂದಿನ ಅಚ್ಚಿನಿಂದ ಬಾಲಿಗೆ 1.2 ಮೀಟರ್ ಇರುವ ಗಾಡಿಯಲ್ಲಿ 300 ಕಿಲೋ ಹೇರಿದರೆ ಹಿಂದಿನ ಅಚ್ಚಿಗೆ 412 ಕಿಲೋ ಬೀಳುತ್ತದೆ, ಮುಂದಿನ ಅಚ್ಚಿನಿಂದ 112 ಕಿಲೋ ಎದ್ದುಹೋಗುತ್ತದೆ. ಸ್ಟೀರಿಂಗ್ ಹಗುರವಾಗುವುದು, ಹೆಡ್‌ಲೈಟ್ ಆಕಾಶ ನೋಡುವುದು, ಫ್ರಂಟ್ ವೀಲ್ ಡ್ರೈವ್ ಗಾಡಿಯ ಚಕ್ರ ಒದ್ದೆ ಹುಲ್ಲಿನಲ್ಲಿ ಸುಮ್ಮನೆ ತಿರುಗುವುದು ಎಲ್ಲವೂ ಈ 112 ಕಿಲೋದ ಮಹಿಮೆ. ವೀಲ್‌ಬೇಸ್ ಉದ್ದವಿದ್ದು ಹಿಂದಿನ ಚಾಚು ಗಿಡ್ಡವಿದ್ದಷ್ಟೂ ಒಳ್ಳೆಯದು.

ಪೇಲೋಡ್ ಮತ್ತು ಜೋಡಿ ತೂಕ

ಗಾಡಿಯ ಗರಿಷ್ಠ ಅನುಮತಿತ ತೂಕದಿಂದ ಅದರ ಖಾಲಿ ತೂಕ ಕಳೆದರೆ ಪೇಲೋಡ್. ಜನ, ಲಗೇಜು, ಆಮೇಲೆ ಹಾಕಿಸಿದ ಹಿಚ್, ಕ್ಯಾನೊಪಿ, ರೂಫ್ ರ‍್ಯಾಕ್, ಹಿಚ್ ಮೇಲಿನ ಭಾರ ಎಲ್ಲವೂ ಇದರೊಳಗೇ ಬರಬೇಕು.

ಖಾಲಿ 2350 ಕಿಲೋ, ಗರಿಷ್ಠ 2950 ಕಿಲೋ ಇರುವ ಒಂದು ಐಷಾರಾಮಿ ಎಸ್‌ಯುವಿ ತೆಗೆದುಕೊಳ್ಳಿ. ಪೇಲೋಡ್ 600. ಹಿಚ್ಚಿಗೆ 35, ನಾಲ್ಕು ಜನರಿಗೆ 300, ಡಿಕ್ಕಿಯ ಸಾಮಾನಿಗೆ 80, ಯುರೋಪಿನ ಟ್ರೇಲರಿನ ಮೂತಿಗೆ 150. ಕೂಡಿದರೆ 565. ಉಳಿದದ್ದು 35 ಕಿಲೋ, ಒಂದು ನಾಯಿಯನ್ನು ಹತ್ತಿಸಿಕೊಳ್ಳಬಹುದು. ಅದೇ ಗಾಡಿಗೆ ಮೂತಿಭಾರ 300 ಇರುವ ಟ್ರೇಲರ್ ಕಟ್ಟಿದರೆ 115 ಕಿಲೋ ಮಿತಿಮೀರಿತು. ಟ್ರೇಲರ್ ತೂಗುವುದು 2200 ಮಾತ್ರ, ಬ್ರೋಷರಿನಲ್ಲಿ 3500 ಎಂದೇ ಇದೆ, ಆದರೂ ಗಾಡಿ ಓವರ್‌ಲೋಡ್.

ಏರ್ ಸಸ್ಪೆನ್ಷನ್ ಇರುವ ಗಾಡಿಗಳಲ್ಲಿ ಈ ಓವರ್‌ಲೋಡ್ ಕಣ್ಣಿಗೂ ಕಾಣುವುದಿಲ್ಲ. ಹಿಂಭಾಗ ತಾನಾಗಿಯೇ ಎದ್ದು ಸಮವಾಗಿ ನಿಲ್ಲುತ್ತದೆ, ಅಚ್ಚು ಮತ್ತು ಟಯರಿನ ಮೇಲಿನ ಭಾರ ಮಾತ್ರ ಹಾಗೇ ಇರುತ್ತದೆ. ಸ್ಪ್ರಿಂಗಿನೊಳಗೆ ಏರ್ ಬ್ಯಾಗ್ ಹಾಕಿಸಿದರೆ ಸಾಮರ್ಥ್ಯ ಹೆಚ್ಚುತ್ತದೆ ಎಂದು ಮಾರುವವರ ಮಾತನ್ನು ಇದೇ ಕಾರಣಕ್ಕೆ ನಂಬಬೇಡಿ.

ಎರಡನೆಯ ಮಿತಿ ಜೋಡಿ ತೂಕ: ಗಾಡಿ, ಟ್ರೇಲರ್, ಒಳಗಿರುವ ಎಲ್ಲವೂ ಸೇರಿ ಎಷ್ಟು ಮೀರಬಾರದು ಎಂಬುದು. ಖಾಲಿ 2150, ಗರಿಷ್ಠ 3100, ಎಳೆಯುವ ಸಾಮರ್ಥ್ಯ 3500, ಜೋಡಿ ತೂಕ 6000 ಎಂದಿರುವ ಪಿಕಪ್ ಇದೆ ಅನ್ನಿ. ಪೂರ್ತಿ 3500 ಕಿಲೋ ಟ್ರೇಲರ್ ಕಟ್ಟಿದರೆ ಗಾಡಿಗೆ ಉಳಿಯುವುದು 2500. ಅಂದರೆ ಜನ ಮತ್ತು ಸಾಮಾನು ಸೇರಿ 350 ಕಿಲೋ ಮಾತ್ರ. 3100 ಮತ್ತು 3500 ಎರಡನ್ನೂ ಒಟ್ಟಿಗೆ ಬಳಸಬಹುದು ಎಂದುಕೊಂಡವರಿಗೆ 600 ಕಿಲೋ ವ್ಯತ್ಯಾಸ ಬೀಳುತ್ತದೆ. ಆದರೆ ಜೋಡಿ ತೂಕದ ಮಟ್ಟಿಗೆ ನಮ್ಮ 2200ರ ಮಾದರಿಗೆ ಇದೇ ಪಿಕಪ್ ಆರಾಮಾಗಿ ಸಾಕು. ಗಾಡಿ ಪೂರ್ತಿ 3100 ಆದರೂ ಜೋಡಿ 5300 ದಾಟುವುದಿಲ್ಲ.

ಇನ್ನೊಂದು ರೂಢಿಯ ನಿಯಮ ಬ್ರಿಟನ್ನಿನ ಕ್ಯಾರವಾನ್ ಎಳೆಯುವವರದ್ದು: ಹೊಸಬರು ಗಾಡಿಯ ಖಾಲಿ ತೂಕದ 85 ಶೇಕಡಾಕ್ಕಿಂತ ಭಾರದ ಟ್ರೇಲರ್ ಕಟ್ಟಬಾರದು, ಅನುಭವಿಗಳಾದರೂ 100 ಶೇಕಡಾ ದಾಟಬಾರದು. ಇದು ಕಾನೂನಲ್ಲ, ಸಲಹೆ. ನಮ್ಮ ಟ್ರೇಲರಿಗೆ 85ರ ಲೆಕ್ಕ ಹಿಡಿದರೆ 2590 ಕಿಲೋದ ಗಾಡಿ ಬೇಕು, 100ರ ಲೆಕ್ಕದಲ್ಲಿ 2200. ಜೀವ ಇರುವ, ಎತ್ತರದಲ್ಲಿ ಭಾರ ಹೊತ್ತ ಟ್ರೇಲರಿಗೆ 100ನ್ನು ಕೊನೆಯ ಗೆರೆ ಎಂದೇ ಇಟ್ಟುಕೊಳ್ಳುವುದು ಕ್ಷೇಮ.

ಇಂಜಿನ್, ಗೇರು, ಬ್ರೇಕು

10 ಶೇಕಡಾ ಏರಿನಲ್ಲಿ 4800 ಕಿಲೋದ ಜೋಡಿಯನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಏರಿಸಲು ಚಕ್ರಗಳಿಗೆ ಸುಮಾರು 95 ಕಿಲೋವ್ಯಾಟ್ ಬೇಕು. ದಾರಿಯಲ್ಲಿ ಗೇರ್‌ಬಾಕ್ಸ್ ನುಂಗುವುದನ್ನೂ ಸೇರಿಸಿದರೆ ಇಂಜಿನ್ 110 ಕೊಡಬೇಕು. ಟರ್ಬೊ ಇಲ್ಲದ ಇಂಜಿನ್ ಸಮುದ್ರಮಟ್ಟದಿಂದ ಪ್ರತಿ 1000 ಮೀಟರ್ ಮೇಲೇರಿದಂತೆ ಸುಮಾರು ಹತ್ತನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಘಾಟಿಯ ದಾರಿ ಹೆಚ್ಚಿರುವವರಿಗೆ ಟರ್ಬೊ ಬೇಕೇ ಬೇಕು.

ಡೀಸೆಲ್ಲೋ ಪೆಟ್ರೋಲೋ ಎಂಬ ಜಗಳ ಹಳೆಯದು. ಡೀಸೆಲ್ ಕಡಿಮೆ ಆರ್‌ಪಿಎಂನಲ್ಲೇ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ, ಭಾರ ಎಳೆಯುವಾಗ ಇಂಧನ ಉಳಿಸುತ್ತದೆ. ದೊಡ್ಡ ಪಿಕಪ್‌ಗಳಲ್ಲಿ ಹೊಗೆಯ ದಾರಿ ತಡೆದು ಇಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಕೂಡ ಸಿಗುತ್ತದೆ, ಉದ್ದನೆಯ ಇಳಿಜಾರಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಆದರೆ ವಾರವಿಡೀ ಮಕ್ಕಳನ್ನು ಶಾಲೆಗೆ ಬಿಡುವ ಐದು ಕಿಲೋಮೀಟರ್ ಓಡಾಟಕ್ಕೆ ಅದೇ ಗಾಡಿ ಬಳಸುವವರಿಗೆ ಡೀಸೆಲ್ ಹೊಗೆಯ ಫಿಲ್ಟರ್ ಮಸಿ ಕಟ್ಟಿ ತಲೆನೋವು ಕೊಡುತ್ತದೆ. ತಿಂಗಳಿಗೊಮ್ಮೆ ಮಾತ್ರ ಟ್ರೇಲರ್ ಕಟ್ಟುವವರಿಗೆ ಟರ್ಬೊ ಪೆಟ್ರೋಲ್ ತಪ್ಪೇನಲ್ಲ, ಪಂಪಿನಲ್ಲಿ ಕೈ ಸ್ವಲ್ಪ ಹೆಚ್ಚು ಬಿಚ್ಚಬೇಕು ಅಷ್ಟೆ. ಯಾವುದೇ ಇಂಜಿನ್ ಆದರೂ ಟ್ರೇಲರ್ ಹಿಂದಿದ್ದಾಗ ಇಂಧನದ ಖರ್ಚು ಒಂದೂವರೆ ಪಟ್ಟಿಗೆ ಹೋಗುತ್ತದೆ, ಏರು ದಾರಿಯಲ್ಲಿ ಎರಡು ಪಟ್ಟಿಗೂ.

ಗೇರ್‌ಬಾಕ್ಸ್ ವಿಷಯದಲ್ಲಿ ಮಾತ್ರ ಅನುಮಾನ ಬೇಡ: ಟಾರ್ಕ್ ಕನ್ವರ್ಟರ್ ಇರುವ ಮಾಮೂಲಿ ಆಟೊಮ್ಯಾಟಿಕ್ ಕುದುರೆಗೂ ಒಳ್ಳೆಯದು, ಗಾಡಿಗೂ ಒಳ್ಳೆಯದು. ಕ್ಲಚ್ ಬಿಡುವಾಗಿನ ಜಗ್ಗು ಹಿಂದೆ ನಾಲ್ಕು ಕಾಲಿನ ಮೇಲೆ ನಿಂತಿರುವ ಪ್ರಾಣಿಗೆ ನೇರ ತಲುಪುತ್ತದೆ. ಮ್ಯಾನ್ಯುಯಲ್ ಗಾಡಿಯಲ್ಲಿ ಏರಿನಲ್ಲಿ ರಿವರ್ಸ್ ತೆಗೆಯುವಾಗ ಕ್ಲಚ್ ಸುಟ್ಟ ವಾಸನೆ ಬರುವುದು ಸಾಮಾನ್ಯ, ಏಕೆಂದರೆ ರಿವರ್ಸ್ ಗೇರ್ ನಡೆದಾಡುವ ವೇಗಕ್ಕೂ ಹೆಚ್ಚು ಉದ್ದ. ಫೋರ್ ವೀಲ್ ಡ್ರೈವಿನ ಲೋ ರೇಂಜ್ ಇದ್ದರೆ ಈ ತೊಂದರೆ ತಪ್ಪುತ್ತದೆ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸುಗಳು ತೆವಳುವ ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತವೆ. ಸಿವಿಟಿ (ಗೇರಿನ ಹಂತಗಳೇ ಇಲ್ಲದ ಆಟೊಮ್ಯಾಟಿಕ್) ಇರುವ ಗಾಡಿಗಳಿಗೆ ತಯಾರಕರೇ ಕಡಿಮೆ ಸಾಮರ್ಥ್ಯ ಕೊಟ್ಟಿರುತ್ತಾರೆ. ಆಟೊಮ್ಯಾಟಿಕ್ ಆದರೂ ಗೇರ್ ಎಣ್ಣೆಗೆ ಬೇರೆ ಕೂಲರ್ ಇದೆಯೇ ನೋಡಿ. ಕಾರ್ಖಾನೆಯ ಟೋ ಪ್ಯಾಕೇಜಿನಲ್ಲಿ ಕೂಲರ್, ವೈರಿಂಗ್, ಕೆಲವೊಮ್ಮೆ ಬೇರೆ ಗೇರ್ ಅನುಪಾತ ಎಲ್ಲ ಸೇರಿರುತ್ತವೆ. ಹೊರಗಿನ ಅಂಗಡಿಯಲ್ಲಿ ಬರೀ ಹಿಚ್ ಹಾಕಿಸಿದರೆ ಸಿಗುವುದು ಕೊಕ್ಕೆ ಮಾತ್ರ, ಸಾಮರ್ಥ್ಯವಲ್ಲ.

ಬ್ರೇಕಿನ ವಿಚಾರಕ್ಕೆ ಬಂದರೆ, ಯುರೋಪಿನಲ್ಲಿ 750 ಕಿಲೋ ದಾಟಿದ ಟ್ರೇಲರಿಗೆ ಸ್ವಂತ ಬ್ರೇಕ್ ಕಡ್ಡಾಯ. ಕುದುರೆ ಟ್ರೇಲರ್ ಯಾವುದೂ ಈ ಮಿತಿಯೊಳಗೆ ಬರುವುದಿಲ್ಲ. ಅಲ್ಲಿನ ಟ್ರೇಲರ್‌ಗಳಲ್ಲಿ ಗಾಡಿ ನಿಧಾನಿಸಿದಾಗ ಟ್ರೇಲರ್ ಮುಂದೊತ್ತುವ ಬಲದಿಂದಲೇ ಬ್ರೇಕ್ ಹಿಡಿಯುತ್ತದೆ, ಗಾಡಿಯಲ್ಲಿ ಬೇರೇನೂ ಬೇಕಿಲ್ಲ. ಅಮೆರಿಕದ ಮಾದರಿಯವು ಬಹುತೇಕ ಎಲೆಕ್ಟ್ರಿಕ್ ಬ್ರೇಕಿನವು, ಡ್ಯಾಶ್‌ಬೋರ್ಡಿನಲ್ಲಿ ಕಂಟ್ರೋಲರ್ ಬೇಕು. ಕಂಟ್ರೋಲರಿನಲ್ಲೂ ಎರಡು ಬಗೆ. ಒಂದು ನೀವು ಎಷ್ಟೇ ಮೆಲ್ಲಗೆ ಬ್ರೇಕ್ ತುಳಿದರೂ ಮೊದಲೇ ಇಟ್ಟ ಬಲವನ್ನೇ ಕೊಡುತ್ತದೆ. ಇನ್ನೊಂದು ಗಾಡಿ ನಿಧಾನಿಸುವುದನ್ನು ಅಳೆದು ಅದಕ್ಕೆ ತಕ್ಕಷ್ಟೇ ಹಿಡಿಯುತ್ತದೆ. ಕುದುರೆ ಒಯ್ಯುವವರು ಎರಡನೆಯದನ್ನೇ ತೆಗೆದುಕೊಳ್ಳಬೇಕು. ಮೊದಲನೆಯದರಿಂದ ಪ್ರತಿ ಸಿಗ್ನಲ್ಲಿನಲ್ಲೂ ಕುದುರೆ ಮುಗ್ಗರಿಸುತ್ತದೆ, ನಾಲ್ಕು ಸಲ ಹೀಗಾದ ಮೇಲೆ ಟ್ರೇಲರ್ ಹತ್ತಲು ಒಪ್ಪುವುದಿಲ್ಲ.

ಈಗ ಒಂದೊಂದೇ ಗಾಡಿ

*ಮನೆಯ ಕ್ರಾಸ್‌ಓವರ್.* 1500ರಿಂದ 2000 ಕಿಲೋ ಎಳೆಯುವ, ಖಾಲಿ ತೂಕ 1600–1800 ಇರುವ ಗಾಡಿಗಳು. ಎರಡು ಕುದುರೆಗೆ ಇವು ಬೇಡ, ಚರ್ಚೆಯೇ ಬೇಡ. 350 ಕಿಲೋದ ಒಂದು ಪೋನಿ, 700 ಕಿಲೋದ ಒಂಟಿ ಟ್ರೇಲರ್, ಸ್ವಲ್ಪ ಸಾಮಾನು ಸೇರಿ 1100 ಕಿಲೋ ಆಗುವವರಿಗೆ ಧಾರಾಳವಾಗಿ ಸಾಕು. ಮೂತಿಭಾರದ ಮಿತಿ 75–100 ಕಿಲೋ ಮಾತ್ರ ಇರಬಹುದು, ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ.

*ದೊಡ್ಡ ಎಸ್‌ಯುವಿ.* ಲ್ಯಾಂಡ್ ಕ್ರೂಸರ್, ಡಿಫೆಂಡರ್, ಡಿಸ್ಕವರಿ, ಟುವಾರೆಗ್ ತರಹದವು. ಹಲವು ಆವೃತ್ತಿಗಳಿಗೆ 3500 ಕಿಲೋ ಎಳೆಯುವ ಅನುಮತಿ ಇದೆ. ಇವುಗಳ ದೊಡ್ಡ ಗುಣ ಸ್ಥಿರತೆ: ಸ್ವಂತ ತೂಕ ಜಾಸ್ತಿ, ಹಿಂದಿನ ಚಾಚು ಗಿಡ್ಡ, ಒದ್ದೆ ಡಾಂಬರಿನ ಮೇಲೂ ನಾಲ್ಕೂ ಚಕ್ರಕ್ಕೆ ಬಲ ಸಿಗುವ ವ್ಯವಸ್ಥೆ ಬಹಳಷ್ಟರಲ್ಲಿದೆ. ವಾರದ ಆರು ದಿನ ಮನೆಯ ಕಾರಾಗಿ, ಏಳನೆಯ ದಿನ ಕುದುರೆಗೆ ಎಂಬ ಬಳಕೆಗೆ ಇದಕ್ಕಿಂತ ಹೊಂದುವುದು ಇನ್ನೊಂದಿಲ್ಲ. ದೌರ್ಬಲ್ಯ ಪೇಲೋಡ್, ಮೇಲೆ ಲೆಕ್ಕ ಹಾಕಿದ್ದೇ. ಸನ್‌ರೂಫು, ಮೂರನೇ ಸಾಲಿನ ಸೀಟು, 21 ಇಂಚಿನ ಚಕ್ರ ಎಂದು ಸೌಕರ್ಯ ಏರಿದಷ್ಟೂ ಪೇಲೋಡ್ ಕರಗುತ್ತದೆ. ಕೆಳಗಿನ ವೇರಿಯಂಟೇ ಟ್ರೇಲರಿಗೆ ಒಳ್ಳೆಯ ಗಾಡಿ ಆಗಿರುವುದು ಅಪರೂಪವೇನಲ್ಲ. ಗೊಬ್ಬರ, ಒದ್ದೆ ರಗ್ಗು, ಹುಲ್ಲಿನ ಧೂಳು ಎಲ್ಲವೂ ನೀವು ಕೂರುವ ಕ್ಯಾಬಿನ್ನಿನೊಳಗೇ ಇರುತ್ತವೆ ಅನ್ನುವುದನ್ನೂ ಯೋಚಿಸಿ.

*ಮಧ್ಯಮ ಪಿಕಪ್.* ಹೈಲಕ್ಸ್, ರೇಂಜರ್, ಡಿ-ಮ್ಯಾಕ್ಸ್. ಪೇಲೋಡ್ 900–1000ದ ಸುತ್ತ ಇರುವುದರಿಂದ ಎಸ್‌ಯುವಿ ಸೋಲುವಲ್ಲಿ ಇವು ಗೆಲ್ಲುತ್ತವೆ. ಪಿಂಡಿ, ಮೇವು, ಗಲೀಜು ಎಲ್ಲ ಹಿಂದೆ ಬಾಡಿಯಲ್ಲಿ. ಕೊರತೆಗಳು ಎರಡು. ಪಿಕಪ್ ಬಾಡಿ ಹಿಂದಕ್ಕೆ ಚಾಚಿರುವುದರಿಂದ ಬಾಲ್ ಅಚ್ಚಿನಿಂದ ದೂರ. ಖಾಲಿ ಇರುವಾಗ ಹಿಂಭಾಗ ಹಗುರ. ಇವುಗಳಲ್ಲಿ ಹಲವಕ್ಕೆ ಅಗತ್ಯವಿದ್ದಾಗ ಮಾತ್ರ ಹಾಕುವ ಫೋರ್ ವೀಲ್ ಡ್ರೈವ್ ಇದೆ, ಅದನ್ನು ಒಣ ರಸ್ತೆಯಲ್ಲಿ ಬಳಸುವಂತಿಲ್ಲ, ಹಾಗಾಗಿ ಡಾಂಬರಿನ ಮೇಲೆ ಎಳೆಯುವುದು ಹಿಂದಿನ ಎರಡು ಚಕ್ರ ಮಾತ್ರ. ಹಣಕ್ಕೆ ತಕ್ಕ ಕೆಲಸ ಯಾವುದು ಅಂದರೆ, ಎರಡು ಸಾಮಾನ್ಯ ಗಾತ್ರದ ಕುದುರೆಗೆ, ಇದೇ. ಆದರೆ ಮೇಲೆ ಹೇಳಿದ ಜೋಡಿ ತೂಕದ ಲೆಕ್ಕ ಹಾಕದೆ 3500ರ ಹತ್ತಿರ ಹೋಗಬೇಡಿ.

*ದೊಡ್ಡ ಪಿಕಪ್.* ಅಮೆರಿಕದ ಎಫ್-150, ಸಿಲ್ವರಾಡೊ 1500 ವರ್ಗದವು ಎರಡು ಕುದುರೆಯ ಉಕ್ಕಿನ ಟ್ರೇಲರಿಗೂ ಸಾಕು. ಇವುಗಳಲ್ಲೂ ಪೇಲೋಡ್ ಬಾಗಿಲ ಪಕ್ಕದ ಹಳದಿ ಸ್ಟಿಕ್ಕರಿನಲ್ಲಿ ಬರೆದದ್ದೇ ನಿಜ, ಜಾಹೀರಾತಿನದ್ದಲ್ಲ. ಒಂದೇ ಹೆಸರಿನ ಎರಡು ಗಾಡಿಗಳ ನಡುವೆ ನೂರಾರು ಕಿಲೋ ವ್ಯತ್ಯಾಸ ಇರುತ್ತದೆ. ಈ ವರ್ಗದ ಸಾಮರ್ಥ್ಯಗಳನ್ನು ಹೋಲಿಸುವಾಗ ಎಸ್‌ಎಇ ಜೆ2807 ಎಂಬ ಪರೀಕ್ಷಾ ಮಾನದಂಡದಂತೆ ಅಳೆದದ್ದೇ ಎಂದು ಖಚಿತಪಡಿಸಿಕೊಳ್ಳಿ. ಅದು ಬರುವ ಮೊದಲು ಒಬ್ಬೊಬ್ಬ ತಯಾರಕರು ಒಂದೊಂದು ರೀತಿ ಅಳೆಯುತ್ತಿದ್ದರು, ಹಾಗಾಗಿ ಹಳೆಯ ಗಾಡಿಯ ಅಂಕಿಯನ್ನು ಹೊಸದರ ಜೊತೆ ಇಟ್ಟು ನೋಡುವುದು ಮೋಸ.

ಮೂರು ಅಥವಾ ನಾಲ್ಕು ಕುದುರೆ ಅಂದಕೂಡಲೇ ಆಟ ಬೇರೆ. ಆಗ ಗೂಸ್‌ನೆಕ್ ಟ್ರೇಲರ್, ಎಂದರೆ ಪಿಕಪ್ಪಿನ ಬಾಡಿಯೊಳಗೆ, ಹಿಂದಿನ ಅಚ್ಚಿನ ಮೇಲೆಯೇ ಕೂರುವ ಕೊಕ್ಕೆಯದ್ದು. ಚಾಚಿನ ಸಮಸ್ಯೆಯೇ ಇಲ್ಲ, ಹೊಯ್ದಾಟ ಬಹಳ ಕಡಿಮೆ. ಆದರೆ ಟ್ರೇಲರ್ ತೂಕದ 15ರಿಂದ 25 ಶೇಕಡಾ ಗಾಡಿಯ ಮೇಲೆ ಬೀಳುತ್ತದೆ. ಐದು ಟನ್ ಟ್ರೇಲರಿಗೆ ಒಂದು ಟನ್ ಎಂದಿಟ್ಟುಕೊಳ್ಳಿ. 2500 ಅಥವಾ 3500 ಎಂಬ ಹೆಸರಿನ (ಇವು ಕಿಲೋ ಲೆಕ್ಕವಲ್ಲ) ವರ್ಗದ ಭಾರೀ ಪಿಕಪ್ಪಿಗೆ ಮಾತ್ರ ಅದು ದಕ್ಕುತ್ತದೆ. ಡೀಸೆಲ್ ಇಂಜಿನ್ನೇ ನೂರಾರು ಕಿಲೋ ಹೆಚ್ಚು ತೂಗುವುದರಿಂದ ಒಂದೇ ಮಾದರಿಯಲ್ಲಿ ಪೆಟ್ರೋಲ್ ಗಾಡಿಯ ಪೇಲೋಡ್ ಡೀಸೆಲ್ಲಿನದ್ದಕ್ಕಿಂತ ಜಾಸ್ತಿ ಇರುವ ವಿಚಿತ್ರವೂ ಈ ವರ್ಗದಲ್ಲಿದೆ.

*ಎಲೆಕ್ಟ್ರಿಕ್.* ಎಳೆಯಲು ಇದಕ್ಕಿಂತ ನಯವಾದ ಗಾಡಿ ಇಲ್ಲ. ಗೇರ್ ಬದಲಾವಣೆಯ ಜಗ್ಗಿಲ್ಲ, ನಿಂತಲ್ಲಿಂದಲೇ ಪೂರ್ತಿ ಟಾರ್ಕ್, ಇಳಿಜಾರಿನಲ್ಲಿ ಮೋಟರೇ ಬ್ರೇಕ್ ಹಿಡಿಯುತ್ತದೆ, ಬ್ಯಾಟರಿಯ ತೂಕ ಕೆಳಗಿರುವುದರಿಂದ ಸ್ಥಿರ. ಕುದುರೆಯನ್ನು ಕೇಳಿದರೆ ಇದನ್ನೇ ಆರಿಸೀತು. ತೊಂದರೆ ದೂರದ್ದು. ಎತ್ತರದ, ಚಪ್ಪಟೆ ಮೂತಿಯ ಟ್ರೇಲರ್ ಗಾಳಿಗೆ ಎದುರಾಗಿ ರೇಂಜನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. 450 ಕಿಲೋಮೀಟರ್ ಅಂದದ್ದು 220 ಆಯಿತು. ದಾರಿಯಲ್ಲಿ ಬ್ಯಾಟರಿಯನ್ನು 10ರಿಂದ 80 ಶೇಕಡಾ ನಡುವೆ ಮಾತ್ರ ಬಳಸುವುದಾದರೆ ಒಂದು ಚಾರ್ಜಿಗೆ 150. ಚಾರ್ಜಿಂಗ್ ಸ್ಟೇಷನ್ನುಗಳು ಹೆಚ್ಚಿನವು ಮೂತಿ ತೂರಿಸಿ ನಿಲ್ಲಿಸುವಂಥವು, ಟ್ರೇಲರ್ ಬಿಚ್ಚದೆ ಒಳಗೆ ಹೋಗಲಾಗದು. ಕುದುರೆ ಒಳಗಿರುವಾಗ ಟ್ರೇಲರ್ ಬಿಚ್ಚುವ ಮಾತೇ ಇಲ್ಲ: ಅವು ಹಿಂದೆ ಸರಿದರೆ ಮೂತಿ ಮೇಲೆದ್ದು ಟ್ರೇಲರ್ ಹಿಂದಕ್ಕೆ ವಾಲಬಹುದು. ಮನೆಯಿಂದ 60–70 ಕಿಲೋಮೀಟರ್ ಒಳಗೆ ತರಬೇತಿಗೆ, ಪಶುವೈದ್ಯರಲ್ಲಿಗೆ ಹೋಗಿಬರುವವರು ಧೈರ್ಯವಾಗಿ ಕೊಳ್ಳಬಹುದು. ರಾತ್ರಿ ಎರಡಕ್ಕೆ ಹೊಟ್ಟೆನೋವಿನ ಕುದುರೆಯನ್ನು 200 ಕಿಲೋಮೀಟರ್ ದೂರದ ಆಸ್ಪತ್ರೆಗೆ ಒಯ್ಯಬೇಕಾಗಿ ಬರುವ ಜಾಗದಲ್ಲಿದ್ದರೆ ಬೇಡ.

*ಟ್ರೇಲರೇ ಬೇಡ, ಹಾರ್ಸ್‌ಬಾಕ್ಸ್?* ವ್ಯಾನಿನ ಷಾಸಿ ಮೇಲೆ ಕುದುರೆಯ ಪೆಟ್ಟಿಗೆ ಕಟ್ಟಿದ 3.5 ಟನ್ ಗಾಡಿಗಳು ಹಿಂದಕ್ಕೆ ತೆಗೆಯಲು ಸುಲಭ, ಹೊಯ್ದಾಟವಿಲ್ಲ, ಒಬ್ಬರೇ ನಿಭಾಯಿಸಬಹುದು. ಆದರೆ ಖಾಲಿಯೇ 2400 ತೂಗುವ ಬಾಕ್ಸಿನಲ್ಲಿ ಉಳಿಯುವುದು 1100. ಇಬ್ಬರು ಜನ, ಇಂಧನ, ಜೀನು, ನೀರು ಕಳೆದರೆ 800 ಚಿಲ್ಲರೆ. ಎರಡು ಸ್ಟಾಲ್ (ಕುದುರೆ ನಿಲ್ಲುವ ಜಾಗ) ಇದೆ ಅಂದ ಮಾತ್ರಕ್ಕೆ 550 ಕಿಲೋದ ಎರಡು ಕುದುರೆ ಏರಿಸುವಂತಿಲ್ಲ, ಒಂದು ಕುದುರೆ ಜೊತೆಗೊಂದು ಚಿಕ್ಕ ಪೋನಿಗೆ ಸರಿ. ಉಳಿದ ದಿನ ಅದು ಅಂಗಳದಲ್ಲಿ ಸುಮ್ಮನೆ ನಿಂತಿರುತ್ತದೆ, ವಿಮೆ ಮಾತ್ರ ಕಟ್ಟುತ್ತಿರಬೇಕು.

ಯಾರಿಗೆ ಯಾವುದು

ವರ್ಷಕ್ಕೆ ಐದಾರು ಸಲ ಮಾತ್ರ ಹೊರಡುವವರು ಗಾಡಿ ಕೊಳ್ಳುವ ಮೊದಲು ಬಾಡಿಗೆಯ ಲೆಕ್ಕ ಹಾಕಲಿ. ಬಾಡಿಗೆ ಗಾಡಿಗಳಲ್ಲಿ ಟ್ರೇಲರ್ ಕಟ್ಟಲು ಅನುಮತಿ ಇರುವುದು ಕೆಲವಕ್ಕೆ ಮಾತ್ರ, ಕರಾರು ಓದಿ.

ಬಜೆಟ್ ಬಿಗಿ ಇರುವಾಗ ಹಣ ಉಳಿಸಲು ಎರಡು ದಾರಿ: ಹಳೆಯ ಭಾರದ ಗಾಡಿ ಅಥವಾ ಹೊಸ ಹಗುರ ಗಾಡಿ. ಹಿಚ್, ಬ್ರೇಕು, ಕೂಲಿಂಗ್ ಸರಿಯಿದ್ದರೆ ಹಳೆಯ ಭಾರದ ಗಾಡಿಯೇ ಮೇಲು, ಗಾಡಿಯ ತೂಕವನ್ನು ಆಮೇಲೆ ಹಣ ಕೊಟ್ಟು ಸೇರಿಸಲಾಗದು. ಉಳಿದ ಹಣದಲ್ಲಿ ಒಂದಷ್ಟನ್ನು ಹೊಸ ಟಯರಿಗೆ ಎತ್ತಿಡಿ, ಗಾಡಿಗೂ ಟ್ರೇಲರಿಗೂ. ಟ್ರೇಲರ್ ಟಯರ್ ಸವೆಯುವ ಮೊದಲೇ ವಯಸ್ಸಾಗಿ ಬಿರುಕು ಬಿಡುತ್ತದೆ, ಐದಾರು ವರ್ಷ ದಾಟಿದ್ದರೆ ಮೇಲಿನ ಗೀರುಗಳು ಎಷ್ಟೇ ಚೆನ್ನಾಗಿರಲಿ ಬದಲಿಸಿ. ಟೋಯಿಂಗ್ ಮಾಡುವ ಗಾಡಿಗೆ ಗೇರ್ ಎಣ್ಣೆ, ಬ್ರೇಕ್ ಪ್ಯಾಡುಗಳ ಖರ್ಚು ಬೇಗ ಬರುತ್ತದೆ, ಮ್ಯಾನ್ಯುಯಲ್‌ನಲ್ಲಿ ಕಠಿಣ ಬಳಕೆಗೆ ಕೊಟ್ಟಿರುವ ಸರ್ವಿಸ್ ಪಟ್ಟಿಯನ್ನು ಹಿಡಿಯಬೇಕು.

ಸ್ಪರ್ಧೆಗಳಿಗೆ ವಾರವಾರ ಹೋಗಿ ಕೆಸರಿನ ಮೈದಾನದಲ್ಲಿ ನಿಲ್ಲಿಸುವವರಿಗೆ ಫೋರ್ ವೀಲ್ ಡ್ರೈವ್ ಬೇಕು. ಆದರೆ ಬೋಳು ರೋಡ್ ಟಯರಿನ ಫೋರ್ ವೀಲ್ ಗಾಡಿ ಹೂತುಕೊಳ್ಳುವ ಕೆಸರಿನಿಂದ ಒಳ್ಳೆಯ ಆಲ್ ಟೆರೇನ್ ಟಯರಿನ ರಿಯರ್ ವೀಲ್ ಪಿಕಪ್ ಎದ್ದು ಬರುವುದುಂಟು. ಒಂದೇ ಕುದುರೆಯನ್ನು ಎರಡು ಸ್ಟಾಲಿನ ಟ್ರೇಲರಿನಲ್ಲಿ ಒಯ್ಯುವವರು ಅದನ್ನು ರಸ್ತೆಯ ನಡುಮಧ್ಯಕ್ಕೆ ಹತ್ತಿರದ ಬದಿಯಲ್ಲಿ ನಿಲ್ಲಿಸಬೇಕು. ಎಡಗಡೆ ಸಂಚಾರವಿರುವಲ್ಲಿ ಬಲಬದಿ, ಬಲಗಡೆ ಸಂಚಾರವಿರುವಲ್ಲಿ ಎಡಬದಿ. ರಸ್ತೆ ಅಂಚಿನ ಕಡೆಗೆ ಇಳಿಜಾರಾಗಿರುವುದರಿಂದ ಹೀಗೆ.

ಮುಂಗಡ ಕೊಡುವ ಮೊದಲು

ಹಳೆಯ ಗಾಡಿಯಾದರೆ ಕೆಳಗೆ ಮಲಗಿ ನೋಡಲೇಬೇಕು. ಹಿಚ್ ಷಾಸಿಗೆ ಸೇರುವ ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದೆಯೇ, ಬೆಸುಗೆಯ ಪಕ್ಕ ಕೂದಲೆಳೆಯ ಬಿರುಕು ಅಥವಾ ತುಕ್ಕಿನ ಗೆರೆ ಇದೆಯೇ, ಹಿಚ್ಚಿನ ತಗಡಿನ ಮೇಲೆ ತೂಕದ ಮಿತಿ ಓದಲು ಬರುತ್ತದೆಯೇ. ಗಾಡಿ, ಹಿಚ್, ಬಾಲ್, ಕಪ್ಲರ್ (ಬಾಲನ್ನು ಹಿಡಿಯುವ ಟ್ರೇಲರಿನ ಮೂತಿಯ ಭಾಗ) ಇವುಗಳಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ಇಡೀ ಜೋಡಿಯ ಮಿತಿ. ಬಾಲಿನ ಗಾತ್ರವೂ ಹೊಂದಬೇಕು: ಯುರೋಪಿನದ್ದು 50 ಮಿಲಿಮೀಟರ್, ಅಮೆರಿಕದಲ್ಲಿ 2 ಇಂಚು ಮತ್ತು 2 5/16 ಇಂಚು ಎರಡೂ ಬಳಕೆಯಲ್ಲಿವೆ. ದೊಡ್ಡ ಕಪ್ಲರ್ ಚಿಕ್ಕ ಬಾಲಿನ ಮೇಲೆ ಕೂರುತ್ತದೆ, ಲಾಕ್ ಆದಂತೆಯೂ ಕಾಣುತ್ತದೆ, ಮೊದಲ ಹಂಪಿನಲ್ಲಿ ಎಗರಿಹೋಗುತ್ತದೆ.

ಗೇರ್ ಎಣ್ಣೆ ಕಂದಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಆ ಗಾಡಿಯನ್ನು ಅಲ್ಲೇ ಬಿಡಿ. ಹಿಂದಿನ ಸ್ಪ್ರಿಂಗು ಜಗ್ಗಿದ್ದರೆ, ಹಿಂದಿನ ಟಯರಿನ ಒಳಅಂಚು ಮಾತ್ರ ಸವೆದಿದ್ದರೆ, ಓವರ್‌ಲೋಡ್ ಎಳೆದ ಗಾಡಿ ಇರಬಹುದು, ಮಾರುವವರು ಏನೇ ಹೇಳಲಿ.

ಟೆಸ್ಟ್ ಡ್ರೈವನ್ನು ಸ್ವಂತ ಟ್ರೇಲರ್ ಕಟ್ಟಿಯೇ ಮಾಡಬೇಕು, ಕುದುರೆಯ ಬದಲು ಮರಳಿನ ಚೀಲ ತುಂಬಿ. ಮೊದಲು ಗಾಡಿಯೊಂದನ್ನೇ ವೇಬ್ರಿಡ್ಜಿನಲ್ಲಿ ತೂಗಿಸಿ. ಆಮೇಲೆ ಟ್ರೇಲರ್ ಕಟ್ಟಿ, ಗಾಡಿಯ ನಾಲ್ಕು ಚಕ್ರ ಮಾತ್ರ ತಟ್ಟೆಯ ಮೇಲಿರುವಂತೆ ನಿಲ್ಲಿಸಿ ತೂಗಿಸಿ. ಎರಡರ ವ್ಯತ್ಯಾಸವೇ ಮೂತಿಭಾರ. ಕೊನೆಗೆ ಇಡೀ ಜೋಡಿ. ಈ ಮೂರು ಚೀಟಿಯನ್ನು ಬಾಗಿಲ ಪಕ್ಕದ ತಗಡಿನ ಅಂಕಿಗಳ ಜೊತೆ ಇಟ್ಟು ನೋಡಿ. ಟ್ರೇಲರ್ ನೆಲಕ್ಕೆ ಸಮವಾಗಿ ಅಥವಾ ಒಂದು ಚೂರು ಮೂತಿ ಕೆಳಗಾಗಿ ನಿಲ್ಲಬೇಕು. ಮೂತಿ ಮೇಲೆದ್ದಿದ್ದರೆ ಭಾರವೆಲ್ಲ ಟ್ರೇಲರಿನ ಹಿಂದಿನ ಅಚ್ಚಿಗೆ ಹೋಗಿ ಹೊಯ್ದಾಟ ಗ್ಯಾರಂಟಿ, ಬಾಲಿನ ಎತ್ತರ ಇಳಿಸುವ ಡ್ರಾಪ್ ಬಾರ್ ಹಾಕಿಸಬೇಕು.

ನಂತರ ಒಂದು ಏರು ಹುಡುಕಿ. ಏರಿನ ಮಧ್ಯೆ ಪೂರ್ತಿ ನಿಲ್ಲಿಸಿ ಮತ್ತೆ ಹೊರಡಿ, ಹೀಗೆ ಐದು ಸಲ. ಅದೇ ಏರಿನಲ್ಲಿ ಹತ್ತು ಮೀಟರ್ ರಿವರ್ಸ್ ಹತ್ತಿಸಿ. ಎಸಿ ಹಾಕಿಕೊಂಡೇ ಇದನ್ನೆಲ್ಲ ಮಾಡಿ, ಟೆಂಪರೇಚರ್ ಮುಳ್ಳು ಎಲ್ಲಿ ನಿಂತಿದೆ ನೋಡಿ. ಇಳಿಯುವಾಗ ಕೆಳಗಿನ ಗೇರಿಗೆ ಹಾಕಿ, ಬ್ರೇಕ್ ಮುಟ್ಟದೆ ಗಾಡಿ ವೇಗ ಹಿಡಿದಿಡುತ್ತದೆಯೇ ಪರೀಕ್ಷಿಸಿ. ಕೆಳಗೆ ತಲುಪಿ, ನಾಲ್ಕೈದು ಸಲ ಬ್ರೇಕ್ ತುಳಿದು ನಿಲ್ಲಿಸಿದ ಮೇಲೆ ಇಳಿದು ಟ್ರೇಲರಿನ ನಾಲ್ಕೂ ಚಕ್ರದ ಹಬ್ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವಕ್ಕಿಂತ ಕಾವು ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗುತ್ತಿದೆ. ಎಲ್ಲವೂ ತಣ್ಣಗಿದ್ದರೆ ಟ್ರೇಲರ್ ಬ್ರೇಕ್ ಕೆಲಸವನ್ನೇ ಮಾಡುತ್ತಿಲ್ಲ, ಅಷ್ಟೂ ಹೊತ್ತು ಗಾಡಿಯ ಬ್ರೇಕೇ ಎರಡನ್ನೂ ನಿಲ್ಲಿಸಿದೆ. ಕುದುರೆ ಹತ್ತಿಸುವ ಮೊದಲು ಅದನ್ನು ಸರಿಮಾಡಿಸಿ.